ಕೋಶದಲ್ಲೊಂದು ಜಾಗ

ಹಾರ್ಡ್‌ವೇರ್ ಅಂಗಡಿಗಳ ವಯಸ್ಸಾದ ಮಾಲೀಕರೊಬ್ಬರು ಜಿಲ್ಲಾ ವಿಶ್ವಕೋಶದ ಸಂಪಾದಕಿಯ ಮುಂದೆ ಮತ್ತೆ ಬಂದು ಕೂತರು. ಜಿಲ್ಲೆಯ ಊರೂರಲ್ಲೂ ಅವರ ಅಂಗಡಿಯಿತ್ತು. ಅದರ ಬಗ್ಗೆ ಕೋಶದಲ್ಲೊಂದು ಲೇಖನ ಬರಬೇಕೆಂದು ಅವರ ಆಸೆ.

ಕಳೆದ ಸಲ ಬಂದಾಗ ಆಕೆ, "ಮೊಳೆ, ಪೈಪು ಮಾರೋರೆಲ್ಲ ವಿಶ್ವಕೋಶಕ್ಕೆ ಬಂದ್ರೆ ಹೇಗೆ?" ಎಂದು ನಕ್ಕು ಕಳಿಸಿದ್ದಳು. ಆಮೇಲೆ ಮುದುಕರ ಬಾಡಿದ ಮುಖ ನೆನಪಾಗಿ ಮನಸ್ಸು ಚುಚ್ಚಿತ್ತು. ತಾನೇ ಕೂತು ಹಳೆಯ ಪತ್ರಿಕೆಗಳನ್ನು ಹುಡುಕಿದ್ದಳು.

"ಜಾಹೀರಾತು ಬಿಟ್ರೆ ನಿಮ್ಮ ಅಂಗಡಿ ಬಗ್ಗೆ ಒಂದೇ ಸುದ್ದಿ ಸಿಕ್ತು," ಎಂದಳು ತಡವರಿಸುತ್ತ. "ನಿಮ್ಮಲ್ಲಿ ಕೊಂಡ ಹಗ್ಗ ತುಂಡಾಗಿ, ಬಾವಿ ತೋಡೋಕೆ ಇಳಿದಿದ್ದವರೊಬ್ಬರು ತೀರಿಕೊಂಡಿದ್ದು."

ಮಾಲೀಕರು ತಲೆ ತಗ್ಗಿಸಿದರು. "ಗಾಳೆಪ್ಪ ಅಂತ. ಅಂಗಡಿ ಮುಂದೆ ಬಿಸಿಲಲ್ಲಿ ನೇತಾಡಿ ಲಡ್ಡಾಗಿ, ಬಲ ಹೋಗಿದ್ದ ಹಗ್ಗ ಅದು. ಗೊತ್ತಿದ್ದೂ ನಾನೇ ಅಳೆದು ಕೊಟ್ಟೆ."

ಆಕೆ ಮುಂದಿದ್ದ ಹಳೆಯ ಪತ್ರಿಕೆಯನ್ನು ಮಡಿಸಿಟ್ಟಳು.

"ಲೇಖನ ಬಂದ್ರೆ ಇದನ್ನೂ ಹಾಕಲೇಬೇಕಾಗುತ್ತೆ. ನಿಮ್ಮ ಮೊಮ್ಮಕ್ಕಳೂ ಓದ್ತಾರೆ. ಬೇಡ ಅಂದ್ರೆ ಹೇಳಿ, ಈ ವಿಷಯ ಇಲ್ಲಿಗೇ ಬಿಟ್ಟುಬಿಡೋಣ."

"ಬಿಡಬೇಡಿ. ಅವನ ಹೆಸರು ಎದ್ದು ಕಾಣೋ ಹಾಗೆ ಹಾಕಿ."

"ಹಾಗಾದ್ರೆ ನಿಮ್ಮ ಅಂಗಡಿ ಹೆಸರು ಕೆಡುತ್ತಲ್ಲ?"

ಮಾಲೀಕರು ಏಳಲು ಕುರ್ಚಿಯ ಕೈ ಹಿಡಿದುಕೊಂಡರು.

"ಬಾವಿ ತೋಡೋನ ಬಗ್ಗೆ ಬರೀರಿ ಅಂದಿದ್ರೆ ನೀವು ಬರೀತಿರ್ಲಿಲ್ಲ ಮೇಡಂ. ಅದಕ್ಕೇ ಅಂಗಡಿ ಹೆಸರು ಹೇಳ್ಕೊಂಡು ಬಂದೆ."