ದಾರದ ಮಟ್ಟ

“ಈ ಬಾಟ್ಲಿಗೆ ದಾರ ಯಾಕ ಕಟ್ಯಾರ್ರಿ, ಅತ್ತಿ?” ಸುಧಾರಾಣಿ ಕೇಳಿದಳು. ದ್ರಾಕ್ಷಿ ವೈನ್ ತುಂಬಲೆಂದು ತೀರಿಕೊಂಡ ಮಾವ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಲ್ಲಿ ಸಿಕ್ಕ ಬಾಟಲಿಗಳಿಗೆ ಬಿಸಿನೀರು, ಉಸುಕು ಹಾಕಿ ಕುಲುಕಿ ತೊಳೆಯುತ್ತಿದ್ದಳು. ಅದೊಂದರಲ್ಲಿ ಮಾತ್ರ ಇನ್ನೂ ಸಾರಾಯಿ ಇತ್ತು.

ಅತ್ತೆ ವೀರವ್ವ ಬಾಟಲಿ ಇಸಿದುಕೊಂಡಳು. ಗಂಡ ಕದ್ದು ಕುಡಿದರೆ ಗೊತ್ತಾಗಲೆಂದು ಸೆರೆಯ ಮಟ್ಟಕ್ಕೆ ಆ ಕೆಂಪು ರೇಷ್ಮೆ ಎಳೆ ಕಟ್ಟಿದ್ದವಳು ಅವಳೇ. ಮರುದಿನ ಬಾಟಲಿಯೇ ಕಾಣೆಯಾಗಿತ್ತು. “ಕುಡಿಯೂದು ಬಿಟ್ಟೀನಿ, ಖರೇನ” ಎಂದು ಮುದಿಯಪ್ಪ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಅವನು ಸಾಯುವ ತನಕ ಅವನ ಜೊತೆ ಮಾತೇ ಆಡಿರಲಿಲ್ಲ.

ಈಗ ಸೆರಗಿನಿಂದ ಧೂಳು ಒರೆಸಿ, ಬಾಟಲಿಯನ್ನು ಬೆಳಕಿಗೆ ಹಿಡಿದಳು. ನೇಯುವಾಗೆಲ್ಲ ಅವನ ಕಾಲ ಬಳಿಯೇ ಇದ್ದ ಸೆರೆ, ಅವಳು ಕಟ್ಟಿದ ಎಳೆಯಿಂದ ಒಂದು ಹನಿಯೂ ಕೆಳಗಿಳಿದಿರಲಿಲ್ಲ.