ಬ್ರಾಡ್ ಬೀನ್ಸ್ ಅಂದರೆ ಎಂತ

ನಬೀಸಕ್ಕ ಅವರೆ ಬಳ್ಳಿಯ ಬುಡಕ್ಕೆ ಕತ್ತಿ ಇಟ್ಟಾಗ ಅದರಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಹೂ ಇತ್ತು. ಇಡೀ ಬಿಜೈಯಲ್ಲಿ ಅಂಥ ಬಳ್ಳಿ ಇನ್ನೊಂದಿರಲಿಲ್ಲ. ಅವರ ಬಾವಿಕಟ್ಟೆಯ ಚಪ್ಪರದಿಂದ ಹೊರಟು, ನಮ್ಮಿಬ್ಬರ ನಡುವಿನ ಗೋಡೆ ಹಾರಿ, ನನ್ನ ಮನೆಯ ಹೆಂಚಿನ ಮಾಡಿಗೇರಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತುತ್ತಿತ್ತು. ಅದನ್ನು ಕಡಿಯಲು ಹೇಳಿದವನು ನಾನೇ.

ಅವರ ಎರಡು ವರ್ಷದ ಮೊಮ್ಮಗ ರಾಝಿಕ್‌ನಿಗೆ ಜ್ವರ ಬಂದು ಅತ್ತಾವರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದರು. ಹುಟ್ಟಿನಿಂದಲೇ ಅವನ ರಕ್ತದಲ್ಲಿ ಯಾವುದೋ ಒಂದು ಅಂಶ ಕಡಿಮೆಯಂತೆ. ಕೆಲವು ಮಾತ್ರೆ, ಕಪಾಟಿನ ಬಟ್ಟೆಗಿಡುವ ಬಿಳಿ ಗುಳಿಗೆ, ಮತ್ತೆ ಒಂದು ಬಗೆಯ ಕಾಳು, ಇಷ್ಟು ಮಗುವಿನ ಹತ್ತಿರ ಬರಬಾರದು, ಬಂದರೆ ರಕ್ತ ಒಡೆಯುತ್ತದೆ ಎಂದು ಡಾಕ್ಟ್ರು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟಿದ್ದರು.

“ಅಂಕಲ್, ಬ್ರಾಡ್ ಬೀನ್ಸ್ ಅಂದ್ರೆ ಯಾವುದು?” ಮಗುವಿನ ತಾಯಿ ಸುಹೈಲಾ ಗೋಡೆಯಾಚೆಯಿಂದ ಕೇಳಿದಳು. “ಡಾಕ್ಟ್ರಿಗೆ ಫೋನ್ ಮಾಡುವಾ ಅಂತ ಇದ್ದೆ.”

“ಡಾಕ್ಟ್ರಿಗೆ ಯಾಕೆ, ನಾನು ಸತ್ತಿದ್ದೇನಾ?” ಅಂದೆ. “ಮೂವತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿ ಮೆನು ಬರೆದವನು ಮಾರಾಯ್ತಿ. ನನ್ನ ಇಂಗ್ಲಿಷ್ ಓದಿಯೇ ಎಷ್ಟೋ ಜನರ ಹೊಟ್ಟೆ ತುಂಬ್ತಿತ್ತು.” ಒಳಗೆ ಹೋಗಿ, ಮಳೆಗಾಲದ ಮೊದಲು ತಂದಿಟ್ಟಿದ್ದ ಬೀಜದ ಪ್ಯಾಕೆಟ್ ಹಿಡಿದುಕೊಂಡು ಬಂದೆ. ಅದರ ಮೇಲಿನ ಪಟದಲ್ಲಿ ನಬೀಸಕ್ಕನ ಬಳ್ಳಿಯದೇ ಚಪ್ಪಟೆ ಕೋಡು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬ್ರಾಡ್ ಬೀನ್ಸ್’. ಸುಹೈಲಾ ಅದನ್ನೂ ಚೀಟಿಯನ್ನೂ ಒಟ್ಟಿಗೆ ಹಿಡಿದು ನೋಡಿದಳು. ಒಂದಕ್ಷರವೂ ಆಚೀಚೆ ಇಲ್ಲ.

“ನಮ್ಮ ಅವರೆಯಾ?” ನಬೀಸಕ್ಕ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. “ಮಗು ಒಂದು ತಿಂಗಳಿನಿಂದ ಅದನ್ನೇ ತಿಂತಾ ಉಂಟಲ್ಲ, ಚಿತ್ತರಂಜನಣ್ಣ. ಎಂತದೂ ಆಗ್ಲಿಲ್ಲ.”

“ಇನ್ನು ಆಗ್ತದೆ. ವಿಷ ಬೆಲ್ ಹೊಡ್ದು ಬರ್ತದಾ?”

“ನನ್ನ ಉಮ್ಮ ಕೊಟ್ಟ ಬೀಜ ಅದು,” ಎಂದರು. ಎದ್ದು ಹೋಗಿ ಕತ್ತಿ ತಂದರು. ಬುಡ ಕಡಿದರು. ಬೂದಿ ಬೆರೆಸಿ ಬಾಟ್ಲಿಯಲ್ಲಿ ತೆಗೆದಿಟ್ಟಿದ್ದ ಬೀಜವನ್ನೂ ಒಲೆಗೆ ಸುರಿದರು. ಮಗುವಿನ ಕೈಗೆ ಒಂದಾದರೂ ಸಿಕ್ಕಿದರೆ ಎಂಬ ಹೆದರಿಕೆ.

ಮರುದಿನ ಸುಹೈಲಾ ಕೆಲಸಕ್ಕೆ ಹೋದ ಮೇಲೆ ಮಗು ಊಟಕ್ಕೆ ಹಟ ಹಿಡಿಯಿತು. ಅನ್ನದಲ್ಲಿ ಹಿಸುಕಿದ ಅವರೆ ಬೇಕು, ಇಲ್ಲದಿದ್ದರೆ ಬಾಯಿ ತೆರೆಯುವುದಿಲ್ಲ. ಅದರ ಕೂಗಿಗೆ ಬಾವಿಯ ನೀರು ಒಂದು ಮೊಳ ಕೆಳಗಿಳಿಯಿತು. ಅಜ್ಜ ಅಹ್ಮದ್ ಬಾವ ಕಪಾಟಿನಿಂದ ಒಂದು ಡಬ್ಬ ತೆಗೆದರು. ಇಪ್ಪತ್ತಾರು ವರ್ಷ ಜೆದ್ದಾದಲ್ಲಿ ಇದ್ದವರು. ಅಲ್ಲಿಂದ ಯಾರು ಬಂದರೂ ಅವರಿಗೊಂದು ಡಬ್ಬ ತರುತ್ತಾರೆ.

“ಫೂಲ್,” ಎಂದು ನನಗೆ ಎತ್ತಿ ತೋರಿಸಿದರು. “ಅಲ್ಲಿ ಬೆಳಿಗ್ಗೆ ಎಲ್ಲರೂ ಇದನ್ನೇ ತಿನ್ನುವುದು. ಬೇಯಿಸಿದ ಕಾಳು, ಬೆಣ್ಣೆಯ ಹಾಗೆ ಉಂಟು. ಕೊಡ್ಬಹುದಲ್ಲ?”

ಮುಂದೆಲ್ಲ ಅರಬಿ ಅಕ್ಷರ. ಗೋಡೆಯಾಚೆಯಿಂದ ಅಷ್ಟೇ ಕಂಡದ್ದು. “ಕೊಡಿ ಬಾವಾಕ,” ಅಂದೆ. “ಅರಬರ ಮಕ್ಕಳು ಇದನ್ನು ತಿಂದೇ ಒಂಟೆಯನ್ನು ಎತ್ತಿ ಆಚೆ ಇಡುವುದು.”

ಬಾವಾಕ ಚಮಚದಲ್ಲಿ ಹಿಸುಕಿ, ತುಪ್ಪ ಹಾಕಿ, ಅನ್ನದಲ್ಲಿ ಕಲಸಿದರು. ಮಗು ಬಟ್ಟಲು ಖಾಲಿ ಮಾಡಿತು.

ಎರಡನೆಯ ದಿನ ಅದರ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣು ಹಳದಿ, ತುಟಿ ಬಿಳಿ. ಆಟೋದಲ್ಲಿ ಅತ್ತಾವರಕ್ಕೆ ಹೋಗುವಾಗ ನಾನೂ ಇದ್ದೆ. ಮಗು ಬಾವಾಕನ ತೊಡೆಯ ಮೇಲೆ ಮಲಗಿತ್ತು, ಕೂಗಲಿಲ್ಲ. ಬೇರೆಯವರ ರಕ್ತ ಏರಿಸಿದರು. ಮಗು ತಿಂದದ್ದನ್ನು ತೋರಿಸಿ ಎಂದು ಡಾಕ್ಟ್ರು ಹೇಳಿದ್ದಕ್ಕೆ ಸುಹೈಲಾ ಮನೆಗೆ ಓಡಿ ಖಾಲಿ ಡಬ್ಬ ತಂದಳು. “ನಾನು ಬೇಡ ಅಂದದ್ದು ಇದಕ್ಕೆ,” ಎಂದರು ಡಾಕ್ಟ್ರು. “ನಿಮ್ಮ ಚಪ್ಪರದ ಅವರೆಗಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಹೇಳ್ತಾರೆ, ಕಾಳು ಬೇರೆ ಬೇರೆ.” ಮಗು ಕಣ್ಣು ತೆರೆದು ನೀರು ಕೇಳಲು ಮೂರು ದಿನ ಹಿಡಿಯಿತು. ಇದನ್ನು ನಾನು ಮೂವತ್ತು ಮಾಡುವುದಿಲ್ಲ. ಮೂರೇ.

ಮಗು ಮನೆಗೆ ಬಂದ ಮರುದಿನ ನಬೀಸಕ್ಕ ಗೋಡೆಯ ಹತ್ತಿರ ಬಂದರು. ಡಬ್ಬವನ್ನು ತೊಳೆದು, ಒರೆಸಿ ತಂದಿದ್ದರು. ನನ್ನ ಮಾಡಿನಲ್ಲಿ ಬುಡವಿಲ್ಲದ ಬಳ್ಳಿ ಒಣಗಿ ಕಪ್ಪಾಗಿತ್ತು, ಹೆಂಚು ಮಾತ್ರ ಬಿಟ್ಟಿರಲಿಲ್ಲ.

“ನನಗೆ ಇಂಗ್ಲಿಷ್ ಬರುವುದಿಲ್ಲ, ಚಿತ್ತರಂಜನಣ್ಣ. ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ.”

ಡಬ್ಬ ತಿರುಗಿಸಿದೆ. ಹಿಂದುಗಡೆ, ಅರಬಿ ಸಾಲುಗಳ ಅಡಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರ.

“ಬ್ರಾಡ್ ಬೀನ್ಸ್.”

“ನಿಮ್ಮ ಪ್ಯಾಕೆಟಿನಲ್ಲಿ?”

“ಅದೇ.”

ಅವರು ಕೈ ಚಾಚಿ ಡಬ್ಬ ತೆಗೆದುಕೊಂಡರು.

“ಹಾಗಾದ್ರೆ ನೀವು ಓದಿದ್ದು ಸರಿಯೇ ಉಂಟು,” ಎಂದರು.