ಫ್ಯಾನಿನ ಸದ್ದು

ಚಿದಂಬರನ ಹಳೆಯ ಕಂಪ್ಯೂಟರು ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತಿತ್ತು. ಆ ಸದ್ದಿನಲ್ಲಿ ಅವನ ಅನುವಾದದ ಒಂದು ವಾಕ್ಯವೂ ಮುಂದೆ ಸಾಗುತ್ತಿರಲಿಲ್ಲ. ಬೆಳಿಗ್ಗೆಯೇ ಅದರ ಡಬ್ಬ ಬಿಚ್ಚಿಕೊಂಡು ಕೂತ. ಫ್ಯಾನುಗಳ ಧೂಳು ಒರೆಸಿದ, ಸದ್ದು ಹೋಗಲಿಲ್ಲ. ತಿರುಪುಗಳನ್ನೆಲ್ಲ ಬಿಗಿ ಮಾಡಿದ, ಇನ್ನೂ ಜಾಸ್ತಿಯಾಯಿತು. ಸಿಟ್ಟಿನಿಂದ ಸ್ಕ್ರೂಡ್ರೈವರನ್ನು ನೆಲಕ್ಕೆ ಎಸೆದ.

"ಇರ್ಲಿ ಬಿಡ್ರೀ, ನಂಗೇನೂ ತೊಂದ್ರೆ ಇಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಲೋಚನಾ.

"ನಿಂಗಿಲ್ಲ ಕಣೇ, ನಂಗಿದೆ! ತಲೆ ಚಿಟ್ಟು ಹಿಡೀತಿದೆ."

ಅವಳು ಫೋನು ತೆಗೆದುಕೊಂಡು ಒಳಕೋಣೆಗೆ ಹೋದಳು. ಅವನು ಪೆನ್ಸಿಲಿನ ತುದಿಯಿಂದ ಒಂದೊಂದೇ ಫ್ಯಾನನ್ನು ತಡೆದು ನೋಡಿದ. ಹಿಂಬದಿಯದನ್ನು ತಡೆದಾಗ ಗುರುಗುಟ್ಟುವುದು ನಿಂತಿತು. ಕಳ್ಳ ಸಿಕ್ಕಿಬಿದ್ದಿದ್ದ! ಕರೆಂಟು ಆರಿಸಿ, ಆ ಫ್ಯಾನಿನ ನಡುವಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟು, ಮತ್ತೆ ಚಾಲೂ ಮಾಡಿದ.

ಕಂಪ್ಯೂಟರು ಓಡುತ್ತಿದ್ದರೂ ಮನೆಯೆಲ್ಲ ನಿಶ್ಶಬ್ದವಾಯಿತು. ಹೆಂಡತಿಯನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ, ಫೋನಿನಲ್ಲಿ ಅವಳ ತಗ್ಗಿದ ದನಿ ಕೇಳಿಸಿತು:

"ಹೂಂ ಅಕ್ಕ, ನನ್ನ ಗಡ್ಡೆ ಕ್ಯಾನ್ಸರೇ ಅಂತೆ. ಇವ್ರ ಪುಸ್ತಕ ಮುಗಿಯೋವರ್ಗೂ ಇವ್ರಿಗೆ ಮಾತ್ರ ಹೇಳ್ಬೇಡ."